ಮನೆಯಲ್ಲಿ ಯಾರೂ ಆಡದ ಮಾತು

ಹತ್ತನೇ ತರಗತಿಯ ಆ ಹುಡುಗಿಯನ್ನು ನನ್ನ ಬಳಿಗೆ ಕಳುಹಿಸಿದ್ದು ರಸಾಯನಶಾಸ್ತ್ರದ ಶಿಕ್ಷಕಿ. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ, ಲ್ಯಾಬಿನಲ್ಲಿ, ಅವಳ ಕೈಯಿಂದ ಟೆಸ್ಟ್ ಟ್ಯೂಬ್ ಹಾರಿ ಬಿದ್ದು ಒಡೆದಿತ್ತು. ಅದು ಮೊದಲ ಸಲವೂ ಆಗಿರಲಿಲ್ಲ.

"ಜಾರಿ ಬಿದ್ದಿದ್ದಲ್ಲ ಮೇಡಂ, ಎಸೆದ ಹಾಗೆ ಹೋಯ್ತು," ಎಂದರು ಶಿಕ್ಷಕಿ. "ಕೇಳಿದ್ರೆ ಸುಮ್ಮನೆ ನಿಂತ್ಕೋತಾಳೆ. ಮೊಬೈಲ್ ಹಿಡ್ಕೊಂಡು ಮಲಗೋದೇ ಇಲ್ವೋ ಏನೋ. ಇಲ್ಲಾ ಬೇರೆ ಏನಾದ್ರೂ ಇರಬೇಕು. ನೀವೇ ವಿಚಾರಿಸಿ."

ಹದಿನೈದರ ಹುಡುಗಿಯ ವಿಷಯದಲ್ಲಿ 'ಬೇರೆ ಏನಾದ್ರೂ' ಎಂದರೆ ಸ್ಟಾಫ್ ರೂಮಿನಲ್ಲಿ ಒಂದೇ ಅರ್ಥ. ನೋಡುತ್ತೇನೆ ಎಂದೆ.

ಗಲ್ಫ್ ದೇಶವೊಂದರ ಊರಾದ ಖೈತಾನಿನ ಆ ಭಾರತೀಯ ಶಾಲೆಯಲ್ಲಿ ನಾನು ಆಪ್ತಸಮಾಲೋಚಕಿ. ಮಕ್ಕಳ ಬಾಯಲ್ಲಿ ಕೌನ್ಸೆಲರ್ ಮ್ಯಾಮ್. ಯಾವ ಮಗುವನ್ನೂ ನೇರವಾಗಿ ಕೋಣೆಗೆ ಕರೆಸುವುದು ನನಗೆ ಇಷ್ಟವಿಲ್ಲ. ಕರೆ ಬಂತೆಂದರೆ ಇಡೀ ತರಗತಿ ತಿರುಗಿ ನೋಡುತ್ತದೆ. ಅದಕ್ಕೆ ಮೊದಲು ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತೇನೆ, ಯಾರನ್ನು ನೋಡಲು ಬಂದಿದ್ದೇನೆಂದು ಪಾಠ ಮಾಡುವವರನ್ನು ಬಿಟ್ಟು ಬೇರೆ ಯಾರಿಗೂ ತಿಳಿಯದ ಹಾಗೆ. ಈ ಹುಡುಗಿಯನ್ನೂ ಹಾಗೆಯೇ ಕೆಲವು ದಿನ ನೋಡಿದೆ.

ಮೊದಲ ಪೀರಿಯಡ್ಡಿನಲ್ಲಿ ಬರೆಯುತ್ತಿದ್ದವಳ ಭುಜ ಒಮ್ಮೆ ಬೆಚ್ಚಿಬಿದ್ದ ಹಾಗೆ ಎಗರಿತು. ಪೆನ್ನು ಕೈಬಿಟ್ಟು ದೂರ ಹೋಯಿತು. ಪಕ್ಕದಲ್ಲಿ ಕೂತಿದ್ದ ಗೆಳತಿ ತಲೆಯೆತ್ತದೆಯೇ ಬಗ್ಗಿ ಅದನ್ನು ಎತ್ತಿ ಅವಳ ಮುಂದಿಟ್ಟಳು. ಅದು ದಿನಾ ಮಾಡುವ ಕೆಲಸದಂತಿತ್ತು. ಇನ್ನೊಂದು ದಿನ ಗಟ್ಟಿಯಾಗಿ ಪಾಠ ಓದುತ್ತಿದ್ದವಳು ನಡುವೆ ನಿಂತುಬಿಟ್ಟಳು. ಕಣ್ಣು ತೆರೆದೇ ಇತ್ತು, ಆದರೆ ಎದುರಿಗಿದ್ದ ಪುಸ್ತಕವನ್ನು ನೋಡುತ್ತಿರಲಿಲ್ಲ. ಮತ್ತೆ ಓದತೊಡಗಿದಾಗ ಸಾಲು ತಪ್ಪಿತ್ತು. ತರಗತಿ ನಕ್ಕಿತು. ಅವಳೂ ನಕ್ಕಳು, ಏಕೆಂದು ತಿಳಿಯದೆ. ಮಧ್ಯಾಹ್ನದ ಪೀರಿಯಡ್ಡುಗಳಲ್ಲಿ ಇಂಥದ್ದು ಒಂದೂ ಕಾಣಲಿಲ್ಲ. ಏನಿದ್ದರೂ ಬೆಳಿಗ್ಗೆಯೇ.

ರೋಗ ಯಾವುದೆಂದು ಹೇಳುವುದು ನನ್ನ ಕೆಲಸವಲ್ಲ. ಕಂಡದ್ದನ್ನು ಕಂಡ ಹಾಗೆ ತಿಳಿಯಬೇಕಾದವರಿಗೆ ತಿಳಿಸುವುದು ನನ್ನ ಕೆಲಸ. ಆದರೂ ಇದು ಪ್ರೇಮವೂ ಅಲ್ಲ, ಮೊಬೈಲೂ ಅಲ್ಲ ಎಂದು ನನಗನ್ನಿಸಿತ್ತು.

ಕೋಣೆಗೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತಳು. ಮಂಗಳೂರಿನ ಕಡೆಯ ಕ್ಯಾಥೊಲಿಕ್ ಕುಟುಂಬ. ತಂದೆಗೆ ರಿಫೈನರಿಯಲ್ಲಿ ಪಾಳಿಯ ಕೆಲಸ, ತಾಯಿ ಆಸ್ಪತ್ರೆಯಲ್ಲಿ ನರ್ಸ್. ಮನೆ ಮಂಗಫ್‌ನಲ್ಲಿ. ಅಲ್ಲಿಂದ ಖೈತಾನಿಗೆ ಬರುವ ಶಾಲಾ ಬಸ್ಸು ಇನ್ನೂ ಕತ್ತಲಿರುವಾಗಲೇ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷ್ ಬೆರೆಸಿ ಉತ್ತರ ಕೊಡುತ್ತಿದ್ದಳು.

ಮೊದಲ ಭೇಟಿಯಲ್ಲಿ ಎಲ್ಲರಿಗೂ ಹೇಳುವುದನ್ನು ಅವಳಿಗೂ ಹೇಳಿದೆ. "ನೀನು ಇಲ್ಲಿ ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ. ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ಮಾತ್ರ ದೊಡ್ಡವರಿಗೆ ಹೇಳುತ್ತೇನೆ. ಅದನ್ನೂ ಮೊದಲು ನಿನಗೆ ತಿಳಿಸಿಯೇ."

"ಐ ಆ್ಯಮ್ ಫೈನ್, ಮ್ಯಾಮ್," ಎಂದಳು. "ಬೆಳಿಗ್ಗೆ ನಿದ್ದೆ ಇರುತ್ತೆ. ಅಷ್ಟೇ."

"ಕೈ ಹೀಗೆ ಎಗರುವುದು?"

"ಅದು ನನ್ನ ಹ್ಯಾಬಿಟ್. ಮಮ್ಮಿ ಹೇಳ್ತಾರೆ, ನಾನು ಕೇರ್‌ಲೆಸ್ ಅಂತ." ಹಿಂದೆಯೇ, "ಮಮ್ಮಿಯನ್ನು ಕರೀಬೇಡಿ, ಪ್ಲೀಸ್. ಅವರಿಗೆ ನನ್ನ ಮೇಲೆ ಮೊದಲೇ ಟ್ರಸ್ಟ್ ಇಲ್ಲ," ಎಂದಳು.

ಕರೆಯಲೇಬೇಕಾಗಿತ್ತು. ಏಕೆ ಎಂದು ಅವಳಿಗೆ ವಿವರಿಸಿಯೇ ಕರೆದೆ. ಬರ್ನರಿನ ಮುಂದೆ ನಿಂತಿರುವಾಗ ಕೈ ಎಗರಿದರೆ ಏನಾಗಬಹುದೆಂದು ಅವಳಿಗೂ ಗೊತ್ತಿತ್ತು.

ತಾಯಿ ಒಂದು ಗುರುವಾರ ರಾತ್ರಿಪಾಳಿ ಮುಗಿಸಿಕೊಂಡು ನೇರವಾಗಿ ಶಾಲೆಗೆ ಬಂದರು. ಕೋಟಿನ ಒಳಗೆ ಆಸ್ಪತ್ರೆಯ ಸಮವಸ್ತ್ರವೇ ಇತ್ತು. ನಾನು ನೋಡಿದ್ದನ್ನು ಹೇಳುವಷ್ಟೂ ಹೊತ್ತು ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಕೇಳಿದರು.

"ಎಂತ ಇಲ್ಲ ಮೇಡಂ. ನಿದ್ದೆ ಸಾಕಾಗುದಿಲ್ಲ ಅವಳಿಗೆ. ಓದ್ಲಿಕ್ಕೆ ಅಂತ ಕೂತ್ಕೊಳ್ತಾಳೆ, ಫೋನು ನೋಡ್ತಾಳೆ. ಈ ವಯಸ್ಸಲ್ಲಿ ಎಲ್ಲ ಮಕ್ಕಳೂ ಹಾಗೇ ಅಲ್ವಾ?"

"ಒಮ್ಮೆ ನರರೋಗದ ಡಾಕ್ಟರಿಗೆ ತೋರಿಸಿದರೆ ಒಳ್ಳೆಯದು ಅನ್ನಿಸುತ್ತದೆ ಸಿಸ್ಟರ್."

"ನಾನು ನರ್ಸ್, ಮೇಡಂ." ಧ್ವನಿ ಏರಿಸಲಿಲ್ಲ. "ನನ್ನ ಮಗಳಿಗೆ ಎಂತಾದ್ರೂ ಉಂಟಾದ್ರೆ ನನಗೆ ಗೊತ್ತಾಗುದಿಲ್ವಾ?"

ಲ್ಯಾಬಿನಲ್ಲಿ ಸದ್ಯಕ್ಕೆ ಬರ್ನರಿನಿಂದ ದೂರ ಇರಿಸುತ್ತೇವೆ ಎಂದು ಮಾತ್ರ ಹೇಳಿದೆ. ಅವರು ಬ್ಯಾಗು ತೆಗೆದುಕೊಂಡು ಎದ್ದರು. ಆಗಲೇ ಅಂಗಳದಿಂದ ಕೂಗಾಟ ಕೇಳಿಸಿತು. ಗುರುವಾರ ಮೊದಲ ಪೀರಿಯಡ್ ಮುಗಿದ ಮೇಲೆ ನಮ್ಮಲ್ಲಿ ಅಸೆಂಬ್ಲಿ. ಮೈಕಿನಲ್ಲಿ ಪ್ರಾರ್ಥನೆ ಅರ್ಧಕ್ಕೆ ನಿಂತಿತ್ತು.

ನಾವಿಬ್ಬರೂ ಓಡಿದೆವು. ಸಾಲುಗಳು ಒಡೆದು ಮಕ್ಕಳೆಲ್ಲ ಸುತ್ತುಗಟ್ಟಿದ್ದರು. ನಡುವೆ ನೆಲದ ಮೇಲೆ ಅವಳು. ಮೈ ಸೆಟೆದು ಕೈಕಾಲು ಜೋರಾಗಿ ಅದುರುತ್ತಿತ್ತು. ದೈಹಿಕ ಶಿಕ್ಷಣದ ಮೇಷ್ಟ್ರು ಅವಳ ಅಂಗೈಗೆ ಬೀಗದ ಕೈ ಗೊಂಚಲು ತುರುಕಲು ನೋಡುತ್ತಿದ್ದರು. ಯಾರೋ "ಬಾಯಿಗೆ ಚಮಚ ಕೊಡಿ" ಎಂದು ಕೂಗುತ್ತಿದ್ದರು. ನಾನು ಮಕ್ಕಳನ್ನು ಹಿಂದೆ ಸರಿಸುವಷ್ಟರಲ್ಲಿ ತಾಯಿ ಒಳಗೆ ನುಗ್ಗಿ ಮಂಡಿಯೂರಿದ್ದರು. ಬೀಗದ ಕೈ ಕಿತ್ತು ಬದಿಗಿಟ್ಟರು. ಕೋಟು ಬಿಚ್ಚಿ ಮಡಚಿ ತಲೆಯ ಕೆಳಗೆ ಕೊಟ್ಟರು. ಟೈ ಸಡಿಲಿಸಿದರು, ಕನ್ನಡಕ ತೆಗೆದು ನನ್ನ ಕೈಗಿತ್ತರು, ಗಡಿಯಾರ ನೋಡಿದರು. ಅದುರಾಟ ಕಡಿಮೆಯಾಗುತ್ತಿದ್ದಂತೆ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಂದ ಹೊರಬಂದ ನೊರೆಯನ್ನು ಸಮವಸ್ತ್ರದ ತೋಳಿನಲ್ಲೇ ಒರೆಸಿದರು. "ಭಿಯೆನಾಕಾ ಪುತಾ, ಹಾಂವ್ ಆಸಾಂ," ಎನ್ನುತ್ತಲೇ ಇದ್ದರು. ಹೆದರಬೇಡ ಮಗಾ, ನಾನಿದ್ದೇನೆ.

ನರ್ಸ್ ಆದ್ದರಿಂದ ಅವರಿಗೆ ಅಷ್ಟು ಗೊತ್ತಿರುವುದು ಸಹಜ. ಆದರೆ ಅವರು ಮಾಡಿದ ರೀತಿ ಬೇರೆಯಾಗಿತ್ತು. ಮಗಳ ಎಡಗೈ ಮೈಯ ಕೆಳಗೆ ಸಿಕ್ಕಿಕೊಳ್ಳುತ್ತದೆಂದು ಅದು ಸಿಕ್ಕಿಕೊಳ್ಳುವ ಮೊದಲೇ ಅವರಿಗೆ ತಿಳಿದಿತ್ತು. ಮೊದಲ ಸಲ ನೋಡುತ್ತಿರುವ ತಾಯಿ ಹಾಗೆ ಮಾಡಲಾರಳು.

ಶಾಲೆಯ ಕ್ಲಿನಿಕ್ಕಿನಲ್ಲಿ ಮಗಳನ್ನು ಮಲಗಿಸಿ, ಶಾಲೆಯ ನರ್ಸನ್ನು ಅವಳ ಬಳಿ ಕೂರಿಸಿ, ತಾಯಿ ನನ್ನೊಂದಿಗೆ ಕಾರಿಡಾರಿಗೆ ಬಂದರು.

"ಬೆಳಿಗ್ಗೆ ತಿಂಡಿ ತಿನ್ಲಿಲ್ಲ, ತಲೆ ಸುತ್ತಿ ಬಿದ್ದಳು ಅಂತ ಬರೀರಿ ಮೇಡಂ," ಎಂದರು. "ಪ್ಲೀಸ್."

"ನಾನು ಹಾಗೆ ಬರೆಯಲಾರೆ ಸಿಸ್ಟರ್."

"ನೀವು ಬರೆದ್ರೆ ಯಾರು ಕೇಳ್ತಾರೆ?"

"ಮುಂದಿನ ಸಲ ಹೀಗಾದಾಗ ತಲೆಸುತ್ತು ಅಂತ ನೀರು ಕುಡಿಸಲು ಹೋಗುತ್ತಾರೆ. ಆಗ?"

ಅವರು ಗೋಡೆಗೆ ಒರಗಿದರು. ಆಮೇಲೆ ಹೇಳಿದ್ದು ಒಂದೊಂದೇ ತುಂಡು. ಹನ್ನೆರಡನೇ ವಯಸ್ಸಿನಲ್ಲಿ ನಿದ್ದೆಯಲ್ಲಿ ಮೊದಲ ಸಲ ಬಂದಿತ್ತು. ಮರುವರ್ಷ ರಜೆಗೆ ಊರಿಗೆ ಹೋದಾಗ ಮತ್ತೊಂದು ಸಲ. ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿ, ಅಲ್ಲಿಂದಲೇ ಮಾತ್ರೆ ತರಿಸುತ್ತಿದ್ದರು. ಇಲ್ಲಿ ತಾವು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಮ್ಮವರೆಲ್ಲ ಒಂದೇ ಚರ್ಚಿಗೆ ಬರುದು. ಒಬ್ಬರಿಗೆ ಗೊತ್ತಾದ್ರೆ ಊರಿಗೆ ಮುಟ್ಲಿಕ್ಕೆ ಎಷ್ಟು ಹೊತ್ತು?" ಎರಡು ವರ್ಷದಿಂದ ಒಂದೂ ಬಂದಿರಲಿಲ್ಲ. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದರು. ಈಗ ಏಕೆ ಬಂತೆಂದು ಅವರಿಗೂ ಅರ್ಥವಾಗಿರಲಿಲ್ಲ.

ಯಾರಿಗೂ ನಾನಾಗಿ ಹೇಳುವುದಿಲ್ಲ, ಆದರೆ ಸುಳ್ಳನ್ನೂ ಬರೆಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟೆ. ಕ್ಲಿನಿಕ್ಕಿನ ದಾಖಲೆಯಲ್ಲಿ ಕಂಡದ್ದನ್ನಷ್ಟೇ ಬರೆದೆವು: ಬಿದ್ದದ್ದು, ಅದುರಿದ್ದು, ಎಷ್ಟು ಹೊತ್ತು, ಏನು ಮಾಡಿದೆವು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಜವಾಬ್ದಾರಿಗೆ ಹೆದರುವವರು. "ಐ ನೀಡ್ ಎ ಫಿಟ್‌ನೆಸ್ ಸರ್ಟಿಫಿಕೇಟ್," ಎಂದರು. "ಅದು ಬರುವ ತನಕ ಮನೆಯಲ್ಲೇ ಓದಲಿ. ಪರೀಕ್ಷೆಗೆ ಬಂದರೆ ಸಾಕು." ಹುಡುಗಿ ಹೇಗೂ ಶಾಲೆಗೆ ಬರುತ್ತಿರಲಿಲ್ಲ. ಮುಂದಿನ ವಾರ ಪೂರ್ತಿ ಅವಳ ಜಾಗ ಖಾಲಿ ಇತ್ತು. ಅಷ್ಟರಲ್ಲಿ ತರಗತಿಯಲ್ಲಿ ಕಥೆಗಳು ಹುಟ್ಟಿದ್ದವು. ಅವಳು ಏನೋ ಸೇದುತ್ತಾಳಂತೆ. ಮೈಮೇಲೆ ಏನೋ ಬರುತ್ತದಂತೆ. ಅದು ಮುಟ್ಟಿದರೆ ಅಂಟುತ್ತದಂತೆ.

ಪಕ್ಕದಲ್ಲಿ ಕೂರುವ ಗೆಳತಿಯ ತಂದೆ ಫೋನು ಮಾಡಿದರು. ಅವರು ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಮರು, ಖೈತಾನಿನಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಮಗಳ ಜಾಗ ಬದಲಿಸಿ ಎನ್ನುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡೇ ಫೋನು ಎತ್ತಿದೆ.

"ಮೇಡಂ, ನನ್ನ ಮಗಳು ಸರಿ ಊಟ ಮಾಡ್ತಿಲ್ಲ," ಎಂದರು ಅವರು. "ಅವಳ ಪಕ್ಕದಲ್ಲೇ ಅಲ್ವಾ ಆ ಮಗು ಬಿದ್ದದ್ದು. ನಾನು ಎಂತ ಮಾಡ್ಲಿಲ್ಲ, ಸುಮ್ನೆ ನೋಡ್ತಾ ನಿಂತೆ ಅಂತ ಅಳ್ತಾಳೆ. ಆ ಮಗುವಿಗೆ ಎಂತ ಉಂಟು ಅಂತ ನಾನು ಕೇಳುದಿಲ್ಲ. ಅದು ಅವರ ಮನೆ ವಿಷಯ. ಮತ್ತೆ ಹಾಗಾದ್ರೆ ನನ್ನ ಮಗಳು ಎಂತ ಮಾಡ್ಬೇಕು? ಅದೊಂದು ಹೇಳಿ ಕೊಡಿ, ಸಾಕು."

ಸಿದ್ಧಮಾಡಿಕೊಂಡ ಉತ್ತರ ಕೆಲಸಕ್ಕೆ ಬರಲಿಲ್ಲ. ಯಾರು ಎಲ್ಲಿ ಹಾಗೆ ಬಿದ್ದರೂ ಏನು ಮಾಡಬೇಕೆಂದು ತರಗತಿಗೆ ಹೇಳಿಕೊಡುತ್ತೇನೆ, ಆದರೆ ಸ್ವಲ್ಪ ದಿನ ಕೊಡಿ ಎಂದೆ. ಆ ಮಗು ಬರುವ ಮೊದಲು, ಅವಳನ್ನು ಕೇಳದೆ ಅದನ್ನು ಮಾಡಲು ನನಗೆ ಮನಸ್ಸಿರಲಿಲ್ಲ.

ಅವಳು ಬಂದಳು. ತಾಯಿ ಮಂಗಳೂರಿನ ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡಿ, ಅವರಿಂದ ಒಂದು ಪತ್ರ ತರಿಸಿ ಪ್ರಿನ್ಸಿಪಾಲರಿಗೆ ಕೊಟ್ಟಿದ್ದರು. ಮೊದಲ ದಿನವೇ ಊಟದ ಬಿಡುವಿನಲ್ಲಿ, ಕರೆಯದೆ, ನನ್ನ ಕೋಣೆಯ ಬಾಗಿಲು ತಟ್ಟಿದಳು. ಬಾಗಿಲು ತಾನೇ ಮುಚ್ಚಿದಳು.

"ಮ್ಯಾಮ್, ನನಗೇನಾಗಿದೆ?"

"ಮನೆಯಲ್ಲಿ ಏನು ಹೇಳಿದರು?"

"ಲೋ ಬಿಪಿ ಅಂತೆ. ಬಟ್ ನಾನು ಗೂಗಲ್ ಮಾಡಿದೆ. ಲೋ ಬಿಪಿ ಆದ್ರೆ ನಾಲಿಗೆ ಕಚ್ಚಿಕೊಳ್ಳಲ್ಲ." ನಾಲಿಗೆಯ ಬದಿ ಇನ್ನೂ ಮಾಗಿರಲಿಲ್ಲ, ಮಾತು ತೊದಲುತ್ತಿತ್ತು. "ಬ್ರೇನ್ ಟ್ಯೂಮರ್ ಇದ್ರೆ ಹೀಗಾಗುತ್ತೆ ಅಂತ ಇತ್ತು. ಮಮ್ಮಿ ಬಾತ್‌ರೂಮಲ್ಲಿ ಅಳ್ತಾರೆ. ನಾನು ಸಾಯ್ತೀನಾ?"

ಅವಳಿಗೆ ಏನೂ ಹೇಳಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಶಾಲೆಯಿಂದ, ಆಸ್ಪತ್ರೆಯಿಂದ, ಚರ್ಚಿನವರಿಂದ ಮುಚ್ಚಿಟ್ಟಿದ್ದಾರೆ ಎಂದು ನನಗೆ ಗೊತ್ತಿತ್ತು. ರೋಗ ಯಾರದ್ದೋ ಅವಳಿಂದಲೇ ಮುಚ್ಚಿಟ್ಟಿದ್ದಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

"ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀಯಾ?" ಎಂದು ಕೇಳಿದೆ.

"ಮೆಮೊರಿ ಟ್ಯಾಬ್ಲೆಟ್. ಸೆವೆಂತ್‌ನಿಂದ. ಈಗ ತಗೊಳ್ಳಲ್ಲ."

"ಯಾವಾಗಿನಿಂದ?"

"ಸಮ್ಮರ್ ವೆಕೇಶನ್ ಆದ್ಮೇಲಿಂದ. ತುಂಬಾ ಹೇರ್ ಫಾಲ್ ಆಗ್ತಿತ್ತು, ವೆಯ್ಟ್ ಬೇರೆ. ಮಾರ್ಕ್ಸೂ ಜಾಸ್ತಿ ಆಗ್ಲಿಲ್ಲ. ಮಮ್ಮಿ ಕೊಟ್ಟಾಗ ಬಾಯಲ್ಲಿಟ್ಕೊಂಡು ಆಮೇಲೆ ಉಗುಳ್ತೀನಿ."

ನೆನಪಿನ ಶಕ್ತಿಗೆಂದು ಹೇಳಿ ಕೊಟ್ಟ ಮಾತ್ರೆಯನ್ನು, ನೆನಪು ಹೆಚ್ಚಾಗಲಿಲ್ಲವೆಂದು ಬಿಟ್ಟಿದ್ದಾಳೆ. ಅವಳ ಲೆಕ್ಕದಲ್ಲಿ ತಪ್ಪೇನಿತ್ತು?

ನನ್ನ ಮುಂದೆ ಇದ್ದ ದಾರಿಗಳು ಕೆಲವೇ. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಹಾಗೆ ಹೇಳಿದರೆ ಅವಳಿಗೆ ಸುಳ್ಳು ಹೇಳಿದ ದೊಡ್ಡವರ ಸಾಲಿಗೆ ನಾನೂ ಸೇರುತ್ತಿದ್ದೆ. ರೋಗದ ಹೆಸರನ್ನು ನಾನೇ ಹೇಳಿಬಿಡಬಹುದಿತ್ತು. ಆಗ ಅವಳು ತನ್ನ ಜೀವನದ ಇಷ್ಟು ದೊಡ್ಡ ಸಂಗತಿಯನ್ನು ಶಾಲೆಯ ಒಂದು ಕೋಣೆಯಲ್ಲಿ, ಹೊರಗಿನವಳೊಬ್ಬಳ ಬಾಯಿಂದ ತಿಳಿದು, ಮನೆಗೆ ಹೋಗಿ ತಾಯಿಯ ಮುಖ ನೋಡಬೇಕಾಗುತ್ತಿತ್ತು. ಆ ಮೇಲೆ ಆ ಮನೆಯಲ್ಲಿ ಯಾರು ಯಾರನ್ನು ನಂಬುತ್ತಾರೆ?

"ನಿನಗೆ ಏನಾಗಿದೆ ಎಂದು ನನಗೆ ಗೊತ್ತು," ಎಂದೆ. "ಬ್ರೇನ್ ಟ್ಯೂಮರ್ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ. ತುಂಬಾ ಜನ ಇದನ್ನು ಇಟ್ಟುಕೊಂಡೇ ಓದಿ, ಕೆಲಸ ಮಾಡಿ, ಬದುಕುತ್ತಿದ್ದಾರೆ. ಆದರೆ ಅದರ ಹೆಸರು ನಿನಗೆ ಹೇಳಬೇಕಾದವರು ನಾನಲ್ಲ, ನಿನ್ನ ಅಮ್ಮ. ಅವರು ಇವತ್ತೇ ಹೇಳುವ ಹಾಗೆ ನಾನು ಮಾಡುತ್ತೇನೆ. ಮಾತ್ರೆ ಬಿಟ್ಟಿರುವ ವಿಷಯವನ್ನು ನಾನು ಅವರಿಗೆ ಈಗಲೇ ತಿಳಿಸಬೇಕು. ಅದು ಅಪಾಯದ ವಿಷಯ. ನಾನು ಹೇಳಲಾ, ನೀನು ಹೇಳುತ್ತೀಯಾ?"

"ನೀವೇ ಹೇಳಿ. ಬಟ್ ನಾನು ಇಲ್ಲೇ ಇರ್ತೀನಿ," ಎಂದಳು.

ಅವಳ ಎದುರಿಗೇ ಫೋನು ಮಾಡಿದೆ. ತಾಯಿ ಡ್ಯೂಟಿಯಲ್ಲಿದ್ದರು. ಮಾತ್ರೆಯ ವಿಷಯ ಕೇಳಿ, ಯಾವಾಗಿನಿಂದ ಬಿಟ್ಟಿದ್ದಾಳೆಂದು ಎರಡು ಸಲ ಕೇಳಿದರು. ನಂತರ ನಾನು ಉಳಿದದ್ದನ್ನು ಹೇಳಿದಾಗ ಸಿಟ್ಟಾದರು.

"ನಿಮಗೆ ಗೊತ್ತುಂಟು ಅಂತ ಅವಳ ಹತ್ರ ಎಂತಕ್ಕೆ ಹೇಳಿದ್ದು? ಇಷ್ಟು ವರ್ಷ ನಾನು... ನೀವು ಒಂದು ನಿಮಿಷದಲ್ಲಿ..."

"ಅವಳು ಸಾಯುತ್ತೇನೆ ಅಂದುಕೊಂಡಿದ್ದಾಳೆ ಸಿಸ್ಟರ್."

ಆ ಕಡೆ ಯಾವುದೋ ಯಂತ್ರದ ಸದ್ದು, ಅರಬ್ಬಿಯಲ್ಲಿ ಯಾರೋ ಕರೆಯುವ ಸದ್ದು. ಕೊನೆಗೆ, "ಬರ್ತೇನೆ," ಎಂದರು.

ಶಾಲೆ ಬಿಡುವ ಹೊತ್ತಿಗೆ ಬಂದರು. ಮಗಳ ಎದುರು ಕೂತು, ಕೈಗಳನ್ನು ತೊಡೆಯ ಮೇಲೆ ಜೋಡಿಸಿ, ಇಂಗ್ಲಿಷಿನಲ್ಲಿ ಶುರುಮಾಡಿದರು. ಮೆದುಳಿನಲ್ಲಿ ವಿದ್ಯುತ್ತಿನ ಹಾಗೆ ಸಂಕೇತಗಳು ಓಡಾಡುತ್ತವೆ, ಕೆಲವೊಮ್ಮೆ ಒಟ್ಟಿಗೆ ಹೆಚ್ಚಾಗಿ ಹರಿಯುತ್ತವೆ, ಆಗ ಮೈ ಹೀಗೆ ಪ್ರತಿಕ್ರಿಯಿಸುತ್ತದೆ, ಮಾತ್ರೆ ಅದನ್ನು ಹತೋಟಿಯಲ್ಲಿಡುತ್ತದೆ. ಎಲ್ಲವೂ ಸರಿಯಾಗಿತ್ತು. ವಾರ್ಡಿನಲ್ಲಿ ಎಷ್ಟೋ ಮನೆಯವರಿಗೆ ಅವರು ಹಾಗೆ ವಿವರಿಸಿರಬೇಕು.

"ಮಮ್ಮಿ," ಎಂದಳು ಮಗಳು. "ನರ್ಸ್ ಥರ ಮಾತಾಡ್ಬೇಡಿ."

ತಾಯಿಯ ಮಾತು ನಿಂತಿತು. ನಾನು ಹೊರಗೆ ಹೋಗಲಾ ಎಂದು ಕಣ್ಣಲ್ಲೇ ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಆಮೇಲೆ ಕೊಂಕಣಿಗೆ ಹೊರಳಿದರು. ನನಗೆ ಪೂರ್ತಿ ಅರ್ಥವಾಗಲಿಲ್ಲ, ನಡುನಡುವೆ ನನಗಾಗಿ ಕನ್ನಡದಲ್ಲೂ ಹೇಳಿದರು. ಅವರಿಗೆ ಒಬ್ಬ ಅಕ್ಕ ಇದ್ದರು. ಮನೆಯ ಗೋಡೆಯ ಮೇಲೆ ಫೋಟೋ ಇದೆ, ಮಗಳು ಫೋಟೋ ಆಂಟಿ ಎನ್ನುತ್ತಾಳೆ. ಆ ಅಕ್ಕನಿಗೂ ಹೀಗೇ ಬರುತ್ತಿತ್ತು.

"ಊರಲ್ಲಿ ಅಕ್ಕನಿಗೆ ಹೆಸರೇ ಇರ್ಲಿಲ್ಲ ಮೇಡಂ. ಫಿಟ್ಸಿನವಳು. ಫಿಟ್ಸಿನವಳ ಮನೆ. ಫಿಟ್ಸಿನವಳ ತಂಗಿ. ಯಾರಾದ್ರೂ ನೆಂಟರು ಬಂದ್ರೆ ಅವಳನ್ನು ಒಳಗೆ ಕೂರಿಸುದು. ಅವಳು ಹಾಡ್ತಿದ್ದಳು, ಚರ್ಚಲ್ಲಿ ಕೊಯರ್‌ನಿಂದ ತೆಗೆದ್ರು. ನನ್ನ ಮಗಳಿಗೆ ಆ ಹೆಸರು ಬೇಡ ಅಂತ ಇತ್ತು ನನಗೆ. ಅದಕ್ಕೆ ಆ ಮಾತನ್ನೇ ಮನೆಯಲ್ಲಿ ಯಾರೂ ಆಡ್ಬಾರ್ದು ಅಂತ ಮಾಡಿದೆ. ಅವಳ ಡ್ಯಾಡಿಗೂ ಹೇಳಿದ್ದೆ. ಡಾಕ್ಟರಿಗೂ ಹೇಳಿದ್ದೆ, ಅವಳ ಎದುರು ಬೇಡ ಅಂತ."

ಮಗಳು ತಾಯಿಯನ್ನೇ ನೋಡುತ್ತಿದ್ದಳು.

"ಅದಕ್ಕೇನಾ ನನ್ನನ್ನು ಬೀಚ್ ಪಿಕ್ನಿಕ್‌ಗೆ ಕಳಿಸದೆ ಇದ್ದಿದ್ದು?"

"ಹೌದು ಪುತಾ."

"ಫ್ರೆಂಡ್ ಮನೇಲಿ ಸ್ಲೀಪ್‌ಓವರ್?"

"ಹೌದು."

"ಬಾತ್‌ರೂಮ್ ಲಾಕ್ ಮಾಡ್ಬೇಡ ಅನ್ನೋದು?"

ತಾಯಿ ತಲೆಯಾಡಿಸಿದರು.

"ನಾನು ಏನೋ ತಪ್ಪು ಮಾಡ್ತೀನಿ ಅಂತ ಚೆಕ್ ಮಾಡ್ತೀರ ಅಂದ್ಕೊಂಡಿದ್ದೆ," ಎಂದಳು ಹುಡುಗಿ. "ಎಷ್ಟು ವರ್ಷ ಅಂದ್ಕೊಂಡಿದ್ದೆ, ಗೊತ್ತಾ ನಿಮಗೆ?"

ಅವರಿಬ್ಬರೂ ಅಪ್ಪಿಕೊಂಡರು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಹುಡುಗಿ ಎದ್ದು ಬ್ಯಾಗು ಹೆಗಲಿಗೇರಿಸಿ, ಬಸ್ಸಿನಲ್ಲೇ ಬರುತ್ತೇನೆ, ನೀವು ಹೋಗಿ ಎಂದಳು. ಬಾಗಿಲ ಬಳಿ ನಿಂತು, "ಫೋಟೋ ಆಂಟಿ ಹೆಸರೇನು?" ಎಂದು ಕೇಳಿದಳು. ತಾಯಿ ಹೇಳಿದರು. ಅವಳು ಆ ಹೆಸರನ್ನು ಒಮ್ಮೆ ತಾನೂ ಹೇಳಿಕೊಂಡು ಹೊರಟಳು.

ತಾಯಿ ಅಲ್ಲೇ ಕೂತು ಅತ್ತರು. ಶಾಲೆಯ ನರ್ಸಿಗೆ ಹೇಳಿ ಬಸ್ಸಿನಲ್ಲಿ ಹುಡುಗಿಯ ಪಕ್ಕ ಆಯಾ ಕೂರುವ ಹಾಗೆ ಮಾಡಿದೆ. ಅಂದಿನ ಮಟ್ಟಿಗೆ ನನ್ನಿಂದಾದದ್ದು ಅಷ್ಟೇ.

ನಂತರದ್ದು ಓಡಾಟದ ಕೆಲಸ. ಈ ಸಲ ಅವರು ಸಾಲ್ಮಿಯಾದಲ್ಲಿ ನರರೋಗ ತಜ್ಞರೊಬ್ಬರಿಗೆ ತೋರಿಸಿದರು. ಮಗಳನ್ನು ಒಳಗೆ ಕರೆದುಕೊಂಡೇ ಹೋದರು. ಬೆಳಗಿನ ಹೊತ್ತು ಕೈ ಎಗರುವುದು, ಕ್ಷಣಕಾಲ ಮಂಕಾಗುವುದು, ನಿದ್ದೆಗೆಟ್ಟಾಗ ಮೈ ಅದುರುವುದು, ಎಲ್ಲವೂ ಒಂದೇ ಕಾಯಿಲೆಯ ಮುಖಗಳು ಎಂದು ಡಾಕ್ಟರು ಅವಳಿಗೇ ವಿವರಿಸಿದರಂತೆ. ಕೂದಲು ಉದುರುವ ಮಾತು ಕೇಳಿ ಔಷಧಿಯನ್ನು ಬದಲಿಸಿದರು. ನಿದ್ದೆ ಕೆಡಬಾರದು ಎಂದು ಪತ್ರದಲ್ಲಿ ಬರೆದುಕೊಟ್ಟರು. ನಾನು ಹಿಡಿದುಕೊಂಡದ್ದು ಆ ಒಂದು ವಾಕ್ಯವನ್ನು. ಮಂಗಫ್‌ನ ಬಸ್ಸು ಹಿಡಿಯಬೇಕಾದರೆ ಅವಳು ನಸುಕಿಗೇ ಏಳಬೇಕು. ತಡವಾಗಿ ಬರಲು, ಮೊದಲ ಪೀರಿಯಡ್ ಬಿಡಲು ಅನುಮತಿ ಕೇಳಿದೆ.

"ಅಟೆಂಡೆನ್ಸ್ ಏನು ಮಾಡೋಣ?" ಎಂದರು ಪ್ರಿನ್ಸಿಪಾಲರು. "ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ."

"ಎಲ್ಲರೂ ಡಾಕ್ಟರ ಪತ್ರ ತರಲಿ ಸರ್."

ಅವರು ನಗಲಿಲ್ಲ. ಮನೆಯಲ್ಲೇ ಇರಲಿ ಎಂಬ ಮಾತನ್ನು ಮತ್ತೆ ಎತ್ತಿದರು. ಶಾಲೆಯಲ್ಲಿ ಬಿದ್ದರೆ ನೋಡಿಕೊಳ್ಳಲು ನಲವತ್ತು ಜನರಿದ್ದಾರೆ, ಮನೆಯಲ್ಲಿ ತಂದೆತಾಯಿ ಪಾಳಿಗೆ ಹೋದರೆ ಒಬ್ಬರೂ ಇಲ್ಲ ಎಂದೆ. ಆ ಮಾತು ನಾಟಿತು. ತಂದೆ ತಮ್ಮ ಪಾಳಿ ಇಲ್ಲದ ದಿನ, ಇಲ್ಲವಾದರೆ ಪರಿಚಯದವರೊಬ್ಬರು ತಮ್ಮ ಕಾರಿನಲ್ಲಿ, ಎರಡನೇ ಪೀರಿಯಡ್ಡಿಗೆ ಬಿಟ್ಟುಹೋಗುವುದೆಂದಾಯಿತು. ಲ್ಯಾಬಿನಲ್ಲಿ ಜೊತೆಗೊಬ್ಬರಿಲ್ಲದೆ ಬರ್ನರ್ ಹಚ್ಚುವಂತಿಲ್ಲ. ಮೈ ಅದುರುವುದು ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಬೇಕು ಎಂದು ಶಿಕ್ಷಕರಿಗೆಲ್ಲ ತಿಳಿಸಿದೆವು. ದೈಹಿಕ ಶಿಕ್ಷಣದ ಮೇಷ್ಟ್ರೇ ಮೊದಲು ಬಂದು, ಮಗ್ಗುಲಿಗೆ ಹೊರಳಿಸುವುದನ್ನು ಶಾಲೆಯ ನರ್ಸಿನಿಂದ ಎರಡೆರಡು ಸಲ ಮಾಡಿಸಿಕೊಂಡು ಕಲಿತರು.

ತರಗತಿಗೆ ಹೇಳುವ ವಿಷಯ ಅವಳಿಗೆ ಬಿಟ್ಟೆ. ನೀನು ಇರಬೇಕಾಗಿಲ್ಲ, ನಿನ್ನ ಹೆಸರು ಹೇಳಬೇಕಾಗಿಯೂ ಇಲ್ಲ ಎಂದೆ. ಎರಡು ದಿನ ಯೋಚಿಸಿ, "ಎಲ್ಲರೂ ನೋಡಿದ್ದಾರಲ್ಲ ಮ್ಯಾಮ್. ನಾನು ಇರ್ತೀನಿ. ಬಟ್ ಮಾತಾಡಲ್ಲ," ಎಂದಳು.

ನಾನೂ ಶಾಲೆಯ ನರ್ಸೂ ಹೋದೆವು. ಏನು ಮಾಡಬೇಕು, ಏನು ಮಾಡಬಾರದು ಎಂದು ತೋರಿಸಿದೆವು. ಅಂಟುತ್ತದಾ ಎಂದು ಒಬ್ಬರು ಕೇಳಿದರು. ದೆವ್ವ ಅಂತ ಅಜ್ಜಿ ಹೇಳಿದರು ಎಂದು ಇನ್ನೊಬ್ಬರು. ಉತ್ತರ ಹೇಳಿದೆವು. ಆಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ, "ನೋವಾಗುತ್ತಾ?" ಎಂದ. ಎಲ್ಲರೂ ಅವಳ ಕಡೆ ತಿರುಗಿದರು.

"ಆಗ ಗೊತ್ತಾಗಲ್ಲ," ಎಂದಳು ಅವಳು ಕೂತಲ್ಲಿಂದಲೇ. "ಆಮೇಲೆ ಮೈಯೆಲ್ಲ ನೋಯುತ್ತೆ. ಕಣ್ಣು ಬಿಟ್ಟಾಗ ಎಲ್ಲರೂ ಮೇಲಿಂದ ನೋಡ್ತಾ ಇರ್ತೀರಲ್ಲ, ಅದು ಜಾಸ್ತಿ."

ಅವಳ ಗೆಳತಿ ಮೆಲ್ಲಗೆ, "ಹಾಗಾದ್ರೆ ನಾವು ತಿರುಗಿ ನಿಂತ್ಕೋತೀವಿ. ಒಬ್ಬರು ಮಾತ್ರ ನೋಡ್ಕೋತೀವಿ," ಎಂದಳು. ನಮ್ಮ ತಯಾರಿಯಲ್ಲಿ ಆ ಅಂಶ ಇರಲಿಲ್ಲ. ಆಮೇಲೆ ಬೇರೆ ತರಗತಿಗಳಿಗೆ ಹೇಳುವಾಗ ಅದನ್ನೂ ಸೇರಿಸಿಕೊಂಡೆ.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಹೊಸ ಮಾತ್ರೆ ಅವಳನ್ನು ಬೇರೆಯೇ ಹುಡು­ಗಿಯನ್ನಾಗಿ ಮಾಡಿತು. ಸಣ್ಣದಕ್ಕೂ ಸಿಡುಕು. ಗೆಳತಿಯ ಮೇಲೆ ಪುಸ್ತಕ ಎಸೆದಳು. ಗಣಿತದ ಮೇಷ್ಟ್ರಿಗೆ ಎದುರುತ್ತರ ಕೊಟ್ಟಳು. ಮನೆಯಲ್ಲಿ ತಾಯಿಯ ಜೊತೆ ದಿನಾ ಜಗಳ. "ನೀವು ಸುಳ್ಳು ಹೇಳ್ತೀರ" ಎಂಬುದು ಪ್ರತಿ ಮಾತಿನ ಕೊನೆ. ತಾಯಿ ನನಗೆ ಫೋನು ಮಾಡಿ, "ಹೇಳದೇ ಇದ್ದಿದ್ರೆ ಒಳ್ಳೇದಿತ್ತು ಮೇಡಂ," ಎಂದರು. ನಾನು ವಾದಿಸಲಿಲ್ಲ. ಇದು ಔಷಧಿಯಿಂದಲೂ ಇರಬಹುದು, ಡಾಕ್ಟರಿಗೆ ಹೇಳಿ ಎಂದೆ. ಡಾಕ್ಟರು ಪ್ರಮಾಣವನ್ನು ಸರಿಮಾಡಿದರು. ಕೆಲವು ವಾರಗಳಲ್ಲಿ ಸಿಡುಕು ಇಳಿಯಿತು. ಸಿಟ್ಟಿನಲ್ಲಿ ಔಷಧಿಯದೆಷ್ಟು, ಅವಳದೆಷ್ಟು ಎಂದು ನಾನು ಹೇಳಲಾರೆ. ಅವಳದೂ ಇದ್ದಿರಬೇಕು, ನ್ಯಾಯವಾಗಿಯೇ. ಆದರೆ ಆ ದಿನಗಳಲ್ಲೂ ಅವಳು ಮಾತ್ರೆಯನ್ನು ತಪ್ಪಿಸಲಿಲ್ಲ. ತಾಯಿ ಕೊಡುವುದನ್ನು ಬಿಡಿಸಿ, ಡಬ್ಬಿಯನ್ನು ತನ್ನ ಮೇಜಿನ ಮೇಲೆ ತಾನೇ ಇಟ್ಟುಕೊಂಡಿದ್ದಳು.

ಪ್ರಿ-ಬೋರ್ಡ್, ಎಂದರೆ ಪೂರ್ವಸಿದ್ಧತಾ ಪರೀಕ್ಷೆಗಳು ಬಂದವು. ಗಣಿತದ ದಿನ ಅವಳ ಜಾಗ ಖಾಲಿ ಇತ್ತು. ಮೇಲ್ವಿಚಾರಕರು ನನಗೆ ತಿಳಿಸಿದರು. ಮನೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಪರೀಕ್ಷೆ ಮುಗಿದು ಮಕ್ಕಳು ಹೊರಟುಹೋದರು. ನಾನು ಕೋಣೆಯಲ್ಲಿ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದೆ.

ಆಗ ತಾಯಿಯಿಂದ ಒಂದು ಸಂದೇಶ ಬಂತು. ತರಗತಿಯ ಮಕ್ಕಳ ವಾಟ್ಸಾಪ್ ಗುಂಪಿನ ಪರದೆಯ ಚಿತ್ರ. ಆ ಗುಂಪಿನಲ್ಲಿ ಶಿಕ್ಷಕರಾರೂ ಇಲ್ಲ, ತಂದೆತಾಯಿಯರೂ ಇಲ್ಲ. ಮಗಳೇ ಕಳುಹಿಸಿಕೊಟ್ಟಿರಬೇಕು. ಮೇಲೆ ಅವಳು ಇಂಗ್ಲಿಷಿನಲ್ಲಿ ಬರೆದಿದ್ದಳು: ಬೆಳಿಗ್ಗೆ ನನಗೆ ಫಿಟ್ಸ್ ಬಂತು, ಈಗ ಪರವಾಗಿಲ್ಲ, ಯಾರಾದರೂ ಗಣಿತದ ಪೇಪರ್ ಕಳಿಸಿ. ಅದರ ಕೆಳಗೆ ಯಾರೋ ಮಡಿಕೆ ಬಿದ್ದ ಪ್ರಶ್ನೆಪತ್ರಿಕೆಯ ಪುಟಗಳ ಫೋಟೋ ಹಾಕಿದ್ದರು. ಒಬ್ಬರು, ಕೊನೆಯ ಪ್ರಶ್ನೆ ಯಾರಿಗೂ ಬಂದಿಲ್ಲ ಎಂದು ಬರೆದಿದ್ದರು. ಗೆಳತಿಯದು ಒಂದೇ ಸಾಲು: ಮೊದಲು ಮಲಗು, ಪೇಪರ್ ಎಲ್ಲಿಗೂ ಓಡಿಹೋಗಲ್ಲ.

ತಾಯಿ ತಾವಾಗಿ ಒಂದಕ್ಷರವನ್ನೂ ಸೇರಿಸಿರಲಿಲ್ಲ.

ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಎದ್ದು, ಅವಳಿಗೆ ಗಣಿತದ ಮರುಪರೀಕ್ಷೆ ಯಾವತ್ತು ಇಡಬಹುದೆಂದು ಕೇಳಲು ಪ್ರಿನ್ಸಿಪಾಲರ ಕೋಣೆಯ ಕಡೆ ನಡೆದೆ.